ಹೊಟ್ಟೆಗೆ ಹಾಕಿಕೊ

ಡಂಡೀ ಊರಿನ ಹಿಲ್‌ಟೌನ್ ಏರಿನಲ್ಲಿ ನನ್ನದೊಂದು ಇಸ್ತ್ರಿ ಅಂಗಡಿ.
ಎಫಿ ರ್ಯಾಟ್ರೆ, ವಯಸ್ಸು ನಲವತ್ತೊಂದು,
ಮದುವೆ: ಇಲ್ಲ. ಹಲ್ಲು: ಹೆಚ್ಚುಕಡಿಮೆ ಎಲ್ಲ ನನ್ನವೇ.
ಜೈಲಿನಿಂದ ವಾರಕ್ಕೆರಡು ಸಲ ಬರುತ್ತಿತ್ತು
ಕಂದು ಕಾಗದದಲ್ಲಿ ಸುತ್ತಿದ ಲಾಕ್ಲನ್ ಮೆಲ್ಡ್ರಮ್‌ನ ಅಂಗಿ.
ಪಿಯಾನೋ ಶ್ರುತಿ ಮಾಡುವವನು.
ಹೆಂಡತಿಗೆ ಮಾರ್ಮಲೇಡಿನಲ್ಲಿ ವಿಷವಿಟ್ಟನಂತೆ.
ಪೇಪರಿನವರು ನೇಣು ಬಿಗಿಯಹೊರಟ ಆ ಕತ್ತು
ಬರೀ ಹದಿನೈದೂವರೆ ಇಂಚು!
ಕಾಲರಿಗೆ ಗಂಜಿ ಒಂದು ಹಿಡಿ ಹೆಚ್ಚೇ ಹಾಕಿದೆ.

ಕೋರ್ಟಿನ ಗ್ಯಾಲರಿಯಲ್ಲಿ ನಾವು ಏಳು ಹೆಂಗಸರು.
ಒಬ್ಬಳು ಅವನಿಗೆಂದು ಕಾಲುಚೀಲ ಹೆಣೆಯುತ್ತಿದ್ದಳು,
ಒಬ್ಬಳು ಶವಪರೀಕ್ಷೆಯ ವರದಿ ಓದುವಾಗ
ತುಟಿಗೆ ಬಣ್ಣ ತೀಡಿಕೊಂಡಳು. ಛೀ, ಎಂಥ ಹುಚ್ಚು ಜನ
ಅಂದುಕೊಳ್ಳುತ್ತ ನನ್ನ ಹ್ಯಾಟಿನ ಗರಿ ಸರಿಮಾಡಿಕೊಂಡೆ.

ಒಂಬತ್ತನೆಯ ದಿನ ಅವನು ತಲೆಯೆತ್ತಿ ನನ್ನನ್ನು ನೋಡಿದ.
ಇಲಿಪಾಷಾಣ ಎಷ್ಟು ಗುಂಜಿ ತೂಕವೆಂದು
ವಕೀಲರು ಕಚ್ಚಾಡುತ್ತಿದ್ದರು.
ಅವನು ನೋಡಿದ. ಮತ್ತೆ ನೋಡಿದ. ಹದಿನಾಲ್ಕು ಸಲ.
ನನ್ನ ತಲೆಯ ಮೇಲುಗಡೆ ಗೋಡೆಗೊಂದು ಗಡಿಯಾರವಿತ್ತೆಂಬುದು
ನನ್ನ ಗಮನಕ್ಕೆ ಬಂದದ್ದು ಮದುವೆಯಾದ ಮೇಲೆ.

ಮರುದಿನ ಬಂತು ಅವನ ಕೋಟು, ಒಳಸ್ತರ ಹರಿದು.
ಹೊಲಿಯಲು ಕೈ ತೂರಿಸಿದರೆ ಬೆರಳಿಗೆ ತಾಗಿತು
ಮಡಿಸಿ ಮಡಿಸಿ ಹಲ್ಲಿನಷ್ಟಾದ ಚೀಟಿ.
ಪರ್ತ್ ಊರಿನ ಔಷಧದಂಗಡಿ. ಇಲಿಪಾಷಾಣ, ಎರಡು ಔನ್ಸ್.
ತಾರೀಖು ಓದುತ್ತಿದ್ದಂತೆ ಬಟ್ಟೆ ಸುಟ್ಟ ವಾಸನೆ.
(ಪಾದ್ರಿಯೊಬ್ಬರ ಪ್ಯಾಂಟು. ದುಡ್ಡು ಕಟ್ಟಿಕೊಟ್ಟೆ.)

ಮೊಕದ್ದಮೆ ಎರಡನೆಯ ಹೆಂಡತಿ ಊನಾಳದ್ದು.
ತಾರೀಖು ಮೊದಲನೆಯವಳದ್ದು,
ಆ ಜೆಸ್ಸಿ, ಪಾಪ, ಹೊಟ್ಟೆನೋವಿನಿಂದ ಹೋದಳೆಂದು
ಊರೆಲ್ಲ ಹೂವು ಕಳಿಸಿತ್ತು.

ಪೊಲೀಸ್ ಠಾಣೆ ಮೂರೇ ಮನೆ ಆಚೆ.
ಬೂಟು ಹಾಕಿಕೊಂಡೆ. ಬಿಚ್ಚಿದೆ. ಮತ್ತೆ ಹಾಕಿಕೊಂಡೆ.
ಆಮೇಲೆ ಚೀಟಿಯನ್ನು, ಸುಕ್ಕು ಹೋಗುವ ಹಾಗೆ, ಹಗುರಾಗಿ
ಇಸ್ತ್ರಿ ಮಾಡಿ ಬೈಬಲ್ಲಿನೊಳಗಿಟ್ಟೆ.
ಯಾವ ಅಧ್ಯಾಯವೆಂದು ಮಾತ್ರ ಕೇಳಬೇಡಿ.

ಬೇರೆ ದೇಶಗಳಲ್ಲಿ ತೀರ್ಪು ಎರಡೇ: ಮಾಡಿದ, ಮಾಡಿಲ್ಲ.
ನಮ್ಮ ಸ್ಕಾಟ್ಲೆಂಡಿನಲ್ಲಿ ಆಗ ಮೂರನೆಯದೊಂದಿತ್ತು: ಸಾಬೀತಾಗಿಲ್ಲ.
ಅಂದರೆ, ಮಾಡಿದ್ದೀಯ ಕಣಯ್ಯ, ಗೊತ್ತು;
ಮನೆಗೆ ಹೋಗು, ಇನ್ನೊಮ್ಮೆ ಮಾಡಬೇಡ.
ಅವನು ಮೆಟ್ಟಿಲಿಳಿದು ಬಂದ. ಕಾಲರ್ ನೆಟ್ಟಗೆ ನಿಂತಿತ್ತು.
"ಈ ಗಂಜಿ ಯಾರ ಕೈದು?" ಎಂದ.
"ನನ್ನ ಕೈದು" ಎಂದೆ.
ಅಷ್ಟಕ್ಕೇ ಮದುವೆ.

ಮೊದಲ ಬೆಳಿಗ್ಗೆ ಮೇಜಿನ ಮೇಲೊಂದು ಬಾಟಲಿ, ಹೊನ್ನಿನ ಬಣ್ಣ.
"ತಿನ್ನು, ನನ್ನ ಕೈಗುಣ ನೋಡು."
"ನೀವು ಮೊದಲು."
"ಛೇ ಛೇ, ನೀನು."
ಹೀಗೆ ಹನ್ನೊಂದು ವರ್ಷ ಒಣ ಬ್ರೆಡ್ಡು ತಿಂದೆವು.
ನಾನೂ ಮಾರ್ಮಲೇಡ್ ಕಾಯಿಸಲು ಕಲಿತೆ. ಎರಡು ಬಾಟಲಿ,
ಮೇಲೆ ಹೆಸರು ಬರೆದು: ಅವನದು. ನನ್ನದು.
ರಾತ್ರಿ ಅವನು ಬೈಬಲ್ಲು ತಡಕಾಡುವ ಸದ್ದಿಗೆ
ನಿದ್ದೆ ಬಂದವಳಂತೆ ಉಸಿರಾಡುವುದು ರೂಢಿಯಾಯಿತು.
ಪಕ್ಕದ ಮನೆಯ ಮಿಸೆಸ್ ಗಿಲ್‌ರಾಯ್ ಹೇಳುತ್ತಾಳೆ,
ಜೋಡಿಯೆಂದರೆ ನಿಮ್ಮದು, ಒಬ್ಬರ ಮೇಲಿಂದೊಬ್ಬರು
ಕಣ್ಣು ಕೀಳುವುದೇ ಇಲ್ಲ.

ಇವತ್ತು ಬೆಳಿಗ್ಗೆ, ಯಾಕೋ, ನಡುಗುವ ಕೈಯಲ್ಲಿ
ನನ್ನ ಬಾಟಲಿಯ ಮುಚ್ಚಳ ತಿರುಗಿಸಿದ.
"ಎಫಿ, ಹಳೆಯದನ್ನೆಲ್ಲ ಹೊಟ್ಟೆಗೆ ಹಾಕಿಕೊ" ಎಂದು
ತಾನೇ ಎರಡು ಚಮಚ ಹೊಟ್ಟೆಗೆ ಹಾಕಿಕೊಂಡ.
ಹನ್ನೊಂದು ವರ್ಷಕ್ಕೆ ಸಿಕ್ಕ ಮೊದಲ ಪ್ರೇಮಪತ್ರ!
ಕಣ್ಣು ತುಂಬಿ ಬಂತು.
"ಕಹಿ ಸ್ವಲ್ಪ ಮುಂದಾಯಿತು" ಎಂದ.
"ಕಿತ್ತಳೆ ಸಿಪ್ಪೆ, ಅದರ ಗುಣವೇ ಹಾಗೆ" ಎಂದೆ.

ತಲೆಯೆತ್ತಿ ನೋಡಿದೆ. ಮತ್ತೆ ನೋಡಿದೆ.
ಮುಗುಳ್ನಕ್ಕ ಅವನು, ಕೆನ್ನೆ ಕೆಂಪಾಗಿ, ಮದುಮಗನ ಹಾಗೆ.
ಪಾಪ, ತನ್ನ ತಲೆಯ ಮೇಲುಗಡೆ ಗೋಡೆಗೆ
ಗಡಿಯಾರವಿರುವುದು ಅವನ ಗಮನಕ್ಕೆ ಬಂದಿಲ್ಲ.